ಆನೆಗಿಂತ ದೊಡ್ಡದು

ಪೋಸ್ಟಾಫೀಸಿನ ಬಾಗಿಲು ಹಾಕಿ ಊಟಕ್ಕೆಂದು ಮನೆಗೆ ಬಂದ ಗಂಗಾಮಣಿ ಇನ್ನೂ ಎರಡು ತುತ್ತು ಮುದ್ದೆ ನುಂಗಿರಲಿಲ್ಲ, ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಆಲೂರು ಠಾಣೆಯ ಪೇದೆ, ಕಂಕುಳಲ್ಲಿ ಒಂದು ಫೈಲು. ಜಗುಲಿಯಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ ಅವಳ ಅಣ್ಣ ಧರ್ಮ ಗಾಬರಿಯಿಂದ ಎದ್ದು ನಿಂತ.

"ಇಲ್ಲಿ ಗಂಗಾಮಣಿ ಅನ್ನೋರು ಯಾರು? ಪಾಸ್‌ಪೋರ್ಟ್ ವೆರಿಫಿಕೇಷನ್ನು."

"ಪಾಸ್‌ಪೋರ್ಟಾ? ಮನೆ ತಪ್ಪಿ ಬಂದಿದ್ದೀರ ಸಾರ್," ಅಂದ ಧರ್ಮ.

"ತಪ್ಪಿಲ್ಲ. ಅರ್ಜಿ ಹಾಕಿರೋಳು ನಾನೇ," ಎನ್ನುತ್ತಾ ಗಂಗಾಮಣಿ ಎಂಜಲು ಕೈಯಲ್ಲೇ ಹೊರಗೆ ಬಂದಳು.

ಪೇದೆ ಅವಳ ಮುಖ ನೋಡಿದ, ಆಮೇಲೆ ಕಾಲು ನೋಡಿದ. ಎಲ್ಲರೂ ಹಾಗೇ ನೋಡುತ್ತಿದ್ದರು. ಬಲಗಾಲು ಎಡಗಾಲಿಗಿಂತ ಒಂದೂವರೆ ಇಂಚು ಗಿಡ್ಡ. ಮಂಡಿ ಅರ್ಧ ಮಡಚಿದರೆ ಹೆಚ್ಚು. ತೊಡೆಯೊಳಗೆ ಒಂದು ಉದ್ದನೆಯ ಕಬ್ಬಿಣದ ಸಲಾಕೆ.

"ಯಾವ ದೇಶಕ್ಕಮ್ಮ? ಕೆಲಸಕ್ಕಾ?"

"ಇಲ್ಲ ಸಾರ್. ಮೀನು ನೋಡಕ್ಕೆ."

ಪೇದೆ ಪೆನ್ನು ನಿಲ್ಲಿಸಿ ನಕ್ಕ. "ಮೀನು ನೋಡಕ್ಕೆ ಪಾಸ್‌ಪೋರ್ಟ್ ಯಾಕೆ? ಹೇಮಾವತಿ ಹಿನ್ನೀರಿಗೆ ಹೋದ್ರೆ ಬುಟ್ಟಿಗಟ್ಟಲೆ ಸಿಗ್ತವೆ."

"ಅವೆಲ್ಲ ಸಣ್ಣವು. ನಾನು ನೋಡ್ಬೇಕು ಅಂದ್ಕೊಂಡಿರೋದು ಆನೆಗಿಂತ ದೊಡ್ಡದು."

ಆನೆ ಎಂಬ ಮಾತು ಬಿದ್ದದ್ದೇ ತಡ, ಬಾಗಿಲ ಹಿಂದೆ ನಿಂತಿದ್ದ ಅವ್ವ ಹುಲಿಯಮ್ಮ "ಶಿವನೇ" ಅಂದಳು. ಧರ್ಮನ ಕೈಯಿಂದ ಬೂಟು ಕೆಳಗೆ ಬಿತ್ತು. ಆ ಮನೆಯಲ್ಲಿ ಐದು ವರ್ಷದಿಂದ ಯಾರೂ ಆ ಪ್ರಾಣಿಯ ಹೆಸರೆತ್ತುತ್ತಿರಲಿಲ್ಲ. "ಅದು ಬಂದೈತಂತೆ", "ಅದು ಹೋಯ್ತಂತೆ" ಎಂದೇ ಎಲ್ಲರ ಮಾತು.

ಗಂಗಾಮಣಿಗೆ ಆಗ ಮೂವತ್ನಾಲ್ಕು. ಕೆ. ಹೊಸಕೋಟೆಯಿಂದ ಒಳಗೆ ನಾಲ್ಕು ಮೈಲಿ ದೂರದ ಆ ಹಳ್ಳಿಯ ಪೋಸ್ಟಾಫೀಸು ಅವಳೊಬ್ಬಳದೇ ರಾಜ್ಯ. ಟಪಾಲು ವಿಂಗಡಿಸುವವಳೂ ಅವಳೇ, ಮುದ್ರೆ ಒತ್ತುವವಳೂ ಅವಳೇ, ಬ್ಯಾಗು ಹೆಗಲಿಗೇರಿಸಿ ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳವರೆಗೆ ಹೋಗಿ ವೃದ್ಧಾಪ್ಯ ವೇತನ ಕೊಟ್ಟು ಬರುವವಳೂ ಅವಳೇ. ಐದು ವರ್ಷದ ಹಿಂದೆ ಒಂದು ಕಾರ್ತಿಕ ಮಾಸದ ಬೆಳಿಗ್ಗೆ ಎಸ್ಟೇಟಿನ ಬೇಲಿ ಪಕ್ಕದ ಓಣಿಯಲ್ಲಿ ಆನೆ ಎದುರಾಯಿತು. ಓಡಲು ತಿರುಗಿದ್ದು ನೆನಪಿದೆ. ಸೊಂಡಿಲ ಹೊಡೆತಕ್ಕೆ ಕಾಫಿ ಗಿಡದ ಬುಡಕ್ಕೆ ಬಿದ್ದದ್ದು ನೆನಪಿದೆ. ಆಮೇಲೆ ತೊಡೆಯ ಮೇಲೆ ಬಂದು ನಿಂತ ಆ ಭಾರ. ಅದಕ್ಕೆ ಅವಳಲ್ಲಿ ಇವತ್ತಿಗೂ ಮಾತಿಲ್ಲ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದ ಧರ್ಮ ಜನ ಕಟ್ಟಿಕೊಂಡು, ಪಟಾಕಿ ಸಿಡಿಸುತ್ತಾ ಓಡಿ ಬಂದು, ತಂಗಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಜೀಪಿಗೆ ಹಾಕಿದ.

ಎಂಟು ತಿಂಗಳು ಮಂಚದ ಮೇಲೆ ಕಳೆಯಿತು. ನೋಡಲು ಬಂದವರೆಲ್ಲ ಆನೆಯ ಗುಣಗಾನವನ್ನೇ ಮಾಡಿದರು. ಎಷ್ಟು ದೊಡ್ಡದಿತ್ತು, ದಂತ ಎಷ್ಟುದ್ದ ಇತ್ತು, ಅಂಥದ್ದರ ಕಾಲಡಿಯಿಂದ ಬದುಕಿ ಬಂದೆಯಲ್ಲ ನಿನ್ನ ಪುಣ್ಯ. ಕೇಳಿ ಕೇಳಿ ಗಂಗಾಮಣಿಗೆ ರೋಸಿಹೋಯಿತು. ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಮೊಬೈಲ್ ತೆಗೆದು, 'ಆನೆಗಿಂತ ದೊಡ್ಡ ಪ್ರಾಣಿ ಯಾವುದು' ಎಂದು ಹುಡುಕಿದಳು. ತನ್ನನ್ನು ತುಳಿದದ್ದನ್ನು ಯಾವುದಾದರೂ ಒಂದು ಜೀವ ಸಣ್ಣದು ಮಾಡಿ ತೋರಿಸಲಿ ಎಂಬ ಛಲ, ಅಷ್ಟೆ.

ತಿಮಿಂಗಿಲಗಳು ಬಂದವು. ಅವುಗಳ ಹಿಂದೆಯೇ ವೇಲ್ ಶಾರ್ಕ್ ಎಂಬುದೂ ಬಂತು. ಹೆಸರು ಏನೇ ಇದ್ದರೂ ಅದು ಮೀನು, ಲೋಕದ ಮೀನುಗಳಲ್ಲೆಲ್ಲ ದೊಡ್ಡದು. ಕೆ. ಹೊಸಕೋಟೆಗೆ ಬರುವ ಬಸ್ಸಿನಷ್ಟು ಉದ್ದ. ಬೂದುನೀಲಿ ಮೈ ತುಂಬ ಅಕ್ಕಿಹಿಟ್ಟಿನ ಚುಕ್ಕೆ ಇಟ್ಟ ಹಾಗೆ ಬಿಳಿ ಬೊಟ್ಟು. ಬಾಯಿ ಬಾಗಿಲಿನಷ್ಟಗಲ, ತಿನ್ನುವುದು ಮಾತ್ರ ಕಣ್ಣಿಗೆ ಕಾಣದಂಥ ಹುಳುಹುಪ್ಪಟೆ. ಅದರ ಪಕ್ಕದಲ್ಲಿ ಒಬ್ಬ ಹೆಂಗಸು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ತೇಲುತ್ತಿದ್ದಳು. ಗಂಗಾಮಣಿ ಆ ವಿಡಿಯೋವನ್ನು ಹನ್ನೊಂದು ಸಲ ನೋಡಿದಳು. ಹನ್ನೆರಡನೇ ಸಲ ನೋಡುವಾಗ ಅವಳ ಕಣ್ಣು ಮೀನಿನ ಮೇಲಿರಲಿಲ್ಲ, ಆ ಹೆಂಗಸಿನ ಮೇಲಿತ್ತು.

ಆಸೆ ಹುಟ್ಟಿದ್ದು ಹಾಗೆ. ಅದನ್ನು ನಾಲ್ಕು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

ಪೇದೆ ಸಹಿ ಹಾಕಿಸಿಕೊಂಡು ಹೋದ ಮೇಲೆ ಮನೆಯಲ್ಲಿ ನಡೆದದ್ದು ಸಣ್ಣ ಜಗಳವಲ್ಲ.

"ಮೊದ್ಲು ಒಂದ್ ಮಾತು ಹೇಳು," ಅಂದ ಧರ್ಮ. "ಭಾನುವಾರ ಭಾನುವಾರ ಹಾಸನಕ್ಕೆ ಹೋಗ್ತಿದ್ದಲ್ಲ, ಕಾಲಿನ ವ್ಯಾಯಾಮ ಅಂತ. ಅದೂ ಸುಳ್ಳಾ?"

"ಸುಳ್ಳಲ್ಲ. ವ್ಯಾಯಾಮಾನೇ. ಈಜು ಕಲಿಯಕ್ಕೆ ಹೋಗ್ತಿದ್ದೆ."

"ಈಜಾ!" ಹುಲಿಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ಹರಕೆ ಗಿರಕೆ ಇದ್ರೆ ಹೇಳವ್ವ, ಧರ್ಮಸ್ಥಳಕ್ಕೆ ಹೋಗಿ ನೇತ್ರಾವತೀಲಿ ಮುಳುಗಿ ಬರೋಣ. ಅದು ಬಿಟ್ಟು ಸಮುದ್ರಕ್ಕೆ ಬೀಳೋದಾ?"

"ಬೀಳಲ್ಲ ಅವ್ವ. ಇಳೀತೀನಿ."

"ನೆಲದ ಮೇಲೆ ನೆಟ್ಟಗೆ ನಡಿಯಕ್ಕಾಗಲ್ಲ, ನೀರೊಳಗೆ ಹೋಗ್ತಾಳಂತೆ," ಅಂದುಬಿಟ್ಟ ಧರ್ಮ.

ಆ ಮಾತಿಗೆ ಅವನ ಹೆಂಡತಿ ಶಾಲಿನಿ ಅಡುಗೆಮನೆಯಿಂದಲೇ "ರೀ!" ಎಂದು ಗದರಿದಳು. ಗಂಗಾಮಣಿ ಅಳಲಿಲ್ಲ.

"ನೆಲದ ಮೇಲೆ ಆಗಲ್ಲ ಅಂತಾನೇ ನೀರೊಳಗೆ ಹೋಗ್ತಿರೋದು ಕಣೋ ಅಣ್ಣ. ಅಲ್ಲಿ ನಾನು ಕುಂಟಲ್ಲ. ಬೇಕಾದ್ರೆ ಬಂದು ನೋಡು."

ಅದು ಜಂಬದ ಮಾತಾಗಿರಲಿಲ್ಲ. ಹಾಸನದ ಈಜುಕೊಳದಲ್ಲಿ ಭಾನುವಾರ ಹನ್ನೊಂದರಿಂದ ಹನ್ನೆರಡು ಹೆಂಗಸರ ಸಮಯ. ಕಲಿಸುವವರು ಕರಿಯಪ್ಪ ಎಂಬ ನಿವೃತ್ತ ಸೈನಿಕರು. ಮೊದಲ ದಿನ ಅವಳನ್ನು ನೋಡಿ ಅವರು ಏನೂ ಕೇಳಲಿಲ್ಲ, "ಕಂಬಿ ಹಿಡ್ಕೊಂಡು ಒದೀರಿ" ಎಂದರು, ಅಷ್ಟೆ. ಒಂಬತ್ತು ಜನ ಹೆಂಗಸರು ಸಾಲಾಗಿ ಕಂಬಿ ಹಿಡಿದು ನೀರು ಒದೆಯತೊಡಗಿದರು. "ಮಂಡಿ ಮಡಚಬೇಡಿ! ಸೈಕಲ್ ಹೊಡೀತಿದ್ದೀರೇನ್ರಮ್ಮ? ತೊಡೆಯಿಂದ ಒದೀರಿ, ತೊಡೆಯಿಂದ!" ಎಂದು ಕರಿಯಪ್ಪ ಕೂಗೀ ಕೂಗೀ ಸುಸ್ತಾಗಿ, ಕೊನೆಗೆ ಗಂಗಾಮಣಿಯ ಹತ್ತಿರ ನಿಂತರು. "ಇವರನ್ನು ನೋಡಿ ಕಲೀರಿ. ಎಷ್ಟು ನೆಟ್ಟಗೈತೆ ಕಾಲು!" ಮಡಚಲು ಬಾರದ ಮಂಡಿಯನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಹೊಗಳಿದ್ದರು. ಅವಳು ನೀರಿನೊಳಗೆ ಮುಖ ಹಾಕಿ ನಕ್ಕು, ಮೂಗಿಗೆ ನೀರು ಹೋಗಿ, ಹತ್ತು ನಿಮಿಷ ಕೆಮ್ಮಿದಳು.

ಜಗಳ ಮೂರು ದಿನ ನಡೆಯಿತು. ಮೂರನೇ ದಿನ ಧರ್ಮ ಕೂಗಾಡುವುದನ್ನು ಬಿಟ್ಟು ಅವಳ ಎದುರಿಗೆ ಬಂದು ಕೂತ. ಅವನ ದನಿ ಬೇರೆಯೇ ಆಗಿತ್ತು.

"ಅವತ್ತು ಫೋನ್ ಮಾಡಿ, ಅದು ದಾಟೈತೆ ಬಾರವ್ವ, ದಾರಿ ಖಾಲಿ ಐತೆ ಅಂದೋನು ನಾನು. ನನ್ನ ಮಾತು ನಂಬ್ಕೊಂಡು ನೀನು ಬಂದೆ. ಇನ್ನೊಂದ್ಸಲ ನಿನ್ನ ಹಂಗೆ ಹೊತ್ಕೊಂಡು ಬರಕ್ಕೆ ನನ್ ಕೈಲಿ ಆಗಲ್ಲ ಗಂಗು."

ಐದು ವರ್ಷದಲ್ಲಿ ಅವನು ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಈಗ ಕರಗಿದರೆ ಜನ್ಮವಿಡೀ ಈ ಜಗುಲಿಯಲ್ಲೇ ಕೂರಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಣ್ಣ, ದಾಟಿದ್ದು ಒಂದು, ಹಿಂದೆ ಉಳಿದಿದ್ದು ಇನ್ನೊಂದು. ಅದು ನಿಂಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ. ನಿನ್ನ ತಪ್ಪು ಅಂತ ಒಂದಿನಾನೂ ಅನ್ಕೊಂಡಿಲ್ಲ. ಆದ್ರೆ ನಿನ್ನ ಭಯಾನೂ ಸೇರ್ಸಿ ನಾನೇ ಹೊತ್ಕೊಂಡು ಕೂರಕ್ಕಾಗಲ್ಲ. ನಂದೇ ನಂಗೆ ಬೇಕಾದಷ್ಟೈತೆ."

ಧರ್ಮ ಎದ್ದ. "ಹೋಗೋದಾದ್ರೆ ಹೋಗು. ನನ್ನ ಮಾತಾಡಿಸ್ಬೇಡ."

"ಸರಿ," ಅಂದಳು ಗಂಗಾಮಣಿ.

ಪಾಸ್‌ಪೋರ್ಟು ಸ್ಪೀಡ್ ಪೋಸ್ಟಿನಲ್ಲಿ ಅವಳದೇ ಆಫೀಸಿಗೆ ಬಂತು. ಟಪಾಲು ಚೀಲ ಬಿಚ್ಚಿ, ಲಕೋಟೆಯ ಮೇಲೆ ತನ್ನ ಹೆಸರು ತಾನೇ ಓದಿ, ಮುದ್ರೆ ಒತ್ತಿ, ವಿತರಿಸಿದವರ ಜಾಗದಲ್ಲೊಂದು ಸಹಿ, ಪಡೆದವರ ಜಾಗದಲ್ಲೊಂದು ಸಹಿ ಹಾಕಿದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವಳು ತನಗೆ ತಾನೇ ತಲುಪಿಸಿಕೊಂಡ ಮೊದಲ ಟಪಾಲು ಅದು.

ಇನ್ನು ಎಲ್ಲಿಗೆ ಹೋಗುವುದು ಎನ್ನುವುದು ತೀರ್ಮಾನವಾಗಬೇಕಿತ್ತು. ಹಾಸನದ ಒಬ್ಬ ಟ್ರಾವೆಲ್ ಏಜೆಂಟನ ಬಳಿಗೆ ಹೋದಳು. ಅವನು ಒಳ್ಳೆಯವನೇ. ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಬಣ್ಣದ ಹಾಳೆಗಳನ್ನು ಮುಂದೆ ಹರಡಿದ. "ನಿಮಗೆ ಇದು ಸರಿಹೋಗುತ್ತೆ ಮೇಡಂ. ಗಾಜಿನ ತಳ ಇರೋ ದೋಣಿ. ಕೂತಲ್ಲೇ ಕೂತು ಮೀನೆಲ್ಲ ನೋಡಬಹುದು. ಮೈ ಒದ್ದೆನೂ ಆಗಲ್ಲ."

"ಒದ್ದೆ ಆಗ್ಬೇಕು ಅಂತಾನೇ ಬಂದಿರೋದು ನಾನು."

"ಹಾಗಾದ್ರೆ ಇದು. ಗೈಡ್ ಕೈ ಹಿಡ್ಕೊಂಡು ಹತ್ತು ನಿಮಿಷ ನೀರೊಳಗೆ ಇಳಿಸ್ತಾರೆ. ಬಣ್ಣಬಣ್ಣದ ಸಣ್ಣ ಮೀನು ಇರ್ತವೆ, ಒಳ್ಳೊಳ್ಳೆ ಫೋಟೋ ತೆಗೀತಾರೆ."

"ಸಣ್ಣ ಮೀನು ಬೇಡ. ಕೈ ಹಿಡಿಯೋರೂ ಬೇಡ." ಹಾಳೆಗಳನ್ನು ಒಟ್ಟುಮಾಡಿ ಅವನ ಕಡೆ ಸರಿಸಿದಳು. "ದೊಡ್ಡದು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ಹೇಳಿ. ಗೊತ್ತಿಲ್ಲ ಅಂದ್ರೆ ಗೊತ್ತಿರೋರ ನಂಬರ್ ಕೊಡಿ."

ಅವನು ಕೊಟ್ಟ ನಂಬರು ಮುರ್ಡೇಶ್ವರದಲ್ಲಿ ಡೈವಿಂಗ್ ಕಲಿಸುವ ಗುರು ಎಂಬವನದು. ಗುರು ಫೋನಿನಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಅವಳಿಗೆ ಹಿಡಿಸಿತು. "ಅಕ್ಕ, ನಿಮಗೆ ರಜೆ ಬೇಕೋ, ಪ್ರಾಣಿ ಬೇಕೋ?"

"ಪ್ರಾಣಿ."

"ಹಾಗಾದ್ರೆ ಮೊದಲು ಪೂರ್ತಿ ಕೋರ್ಸ್ ಮಾಡಿ. ಅರ್ಧಂಬರ್ಧ ಕಲಿತು ದೊಡ್ಡದರ ಮುಂದೆ ಹೋಗೋದು ಬೇಡ."

ಕೋರ್ಸಿಗೆ ವೈದ್ಯರ ಸಹಿ ಬೇಕಿತ್ತು. ಅವಳ ಕಾಲಿಗೆ ಸಲಾಕೆ ಹಾಕಿದ್ದ ಡಾಕ್ಟರು ಫಾರಂ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದೆಲ್ಲ ಯಾಕಮ್ಮ ನಿಂಗೆ? ಆರಾಮಾಗಿ ಇರಬಾರದಾ?"

"ಬೇಡ ಅನ್ನೋದಾದ್ರೆ ಬೇಡ ಅಂತಾನೇ ಬರೀರಿ ಸಾರ್. ಆದ್ರೆ ಕಾರಣಾನೂ ಬರೀರಿ. ಮೂಳೆ ಕೂಡಿಲ್ವಾ? ಶ್ವಾಸಕೋಶ ಸರಿಯಿಲ್ವಾ? ಹೃದಯದಲ್ಲಿ ಏನಾದ್ರೂ ಐತಾ?"

ಡಾಕ್ಟರು ಹೊಸದಾಗಿ ಎಕ್ಸ್‌ರೇ ತೆಗೆಸಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿದರು, ಇ.ಸಿ.ಜಿ. ಮಾಡಿಸಿದರು. ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಸಹಿ ಹಾಕುತ್ತಾ ನಕ್ಕರು. "ಕಾಲು ಜೋಡಿಸಿದೋನು ನಾನು. ಈ ಹಠ ಯಾರು ಜೋಡಿಸಿದ್ರು?"

ಡಿಸೆಂಬರಿನಲ್ಲಿ ಒಂದು ವಾರ ಮುರ್ಡೇಶ್ವರದಲ್ಲಿದ್ದು ಕಲಿತಳು. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡಕ್ಕೆ ನೀರು ತುಂಬಿದರೆ ಸಮುದ್ರದೊಳಗಿದ್ದುಕೊಂಡೇ ಆ ನೀರು ತೆಗೆಯುವುದು, ಬಾಯಿಂದ ಕೊಳವೆ ಕಳಚಿದರೆ ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ಗಾಳಿ ಎಷ್ಟು ಉಳಿದಿದೆ ಎಂದು ಮೀಟರು ನೋಡಿ ಲೆಕ್ಕ ಹಾಕುವುದು. ದೋಣಿಯ ಮೇಲೆ ಸಿಲಿಂಡರ್ ಹೊತ್ತು ನಿಲ್ಲುವುದೊಂದೇ ಅವಳಿಗೆ ನರಕ. ಹಿಮ್ಮುಖವಾಗಿ ನೀರಿಗೆ ಬಿದ್ದ ಮೇಲೆ ಎಲ್ಲ ಭಾರ ಎಲ್ಲೋ ಹೋಗಿಬಿಡುತ್ತಿತ್ತು. ನೇತ್ರಾಣಿ ದ್ವೀಪದ ಬುಡದಲ್ಲಿ ಹಳದಿ ಮೀನಿನ ಹಿಂಡು ಕಂಡಳು, ಬಂಡೆಯ ಸಂದಿನಲ್ಲಿ ಬಾಯಿ ತೆರೆದುಕೊಂಡು ಕೂತ ಹಾವುಮೀನು ಕಂಡಳು. ದೊಡ್ಡದು ಕಾಣಲಿಲ್ಲ.

ಕೊನೆಯ ದಿನ ಗುರು ಮರಳಿನ ಮೇಲೆ ಕೂತು ಅವಳಿಗೆ ಎಲ್ಲ ಬಿಡಿಸಿ ಹೇಳಿದ. "ಇಲ್ಲೂ ಬರ್ತದೆ ಅಕ್ಕ, ಆದರೆ ಯಾವಾಗ ಅಂತ ಯಾರೂ ಹೇಳಲಿಕ್ಕಾಗುದಿಲ್ಲ. ಅಂಡಮಾನ್ ಚೆಂದ, ಅಲ್ಲೂ ದೊಡ್ಡದು ಸಿಗೋದು ಅದೃಷ್ಟ. ಮಾಲ್ಡೀವ್ಸಲ್ಲಿ ಒಂದು ಕೊಲ್ಲಿ ಉಂಟು, ಮಾಂಟಾ ರೇ ಅಂತ, ಚಾಪೆಯಷ್ಟಗಲ ರೆಕ್ಕೆ ಬಡಿಯೋ ಮೀನು, ನೂರಾರು ಸೇರ್ತಾವೆ. ಆದರೆ ಅಲ್ಲಿ ಸಿಲಿಂಡರ್ ಹಾಕಿ ಇಳಿಯಲಿಕ್ಕೆ ಬಿಡುದಿಲ್ಲ, ಮೇಲಿಂದ ತೇಲಿಕೊಂಡೇ ನೋಡಬೇಕು. ಅದೂ ಮಳೆಗಾಲದಲ್ಲಿ."

"ಮೇಲಿಂದ ನೋಡೋದು ಬೇಡ. ಪಕ್ಕದಲ್ಲಿ ನಿಂತು ನೋಡ್ಬೇಕು."

"ಹಾಗಾದರೆ ಮಾಲ್ಡೀವ್ಸಿನದೇ ದಕ್ಷಿಣದ ದ್ವೀಪಗಳು. ಅಲ್ಲಿ ವೇಲ್ ಶಾರ್ಕ್ ವರ್ಷವಿಡೀ ಓಡಾಡಿಕೊಂಡಿರ್ತದೆ. ಫೆಬ್ರವರಿಗೆ ನಾನು ಐದು ಜನರನ್ನು ಕರ್ಕೊಂಡು ಹೋಗ್ತಾ ಇದ್ದೇನೆ. ಐಷಾರಾಮಿ ಹೋಟೆಲ್ ಅಲ್ಲ, ಊರಿನವರು ನಡೆಸೋ ಸಾದಾ ಮನೆ. ಹೋದರೂ ಕಾಣ್ತದೆ ಅಂತ ಭರವಸೆ ಕೊಡುದಿಲ್ಲ ನಾನು."

"ನನ್ನ ಹೆಸರು ಬರ್ಕೊ, ಆರನೇದು," ಅಂದಳು ಗಂಗಾಮಣಿ.

ಹೊರಡುವ ಬೆಳಿಗ್ಗೆ ಶಾಲಿನಿ ಅತ್ತಿಗೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಹುಲಿಯಮ್ಮ ಹಣೆಗೆ ವಿಭೂತಿ ಹಚ್ಚಿದಳು. ಧರ್ಮ ಆರು ಗಂಟೆಗೇ ಎಸ್ಟೇಟಿಗೆ ಹೋಗಿಬಿಟ್ಟಿದ್ದ. ಅಂಗಳ ದಾಟಿ ರಸ್ತೆಗೆ ಬಂದಾಗ ಅವಳು ಒಮ್ಮೆ ತಿರುಗಿ ನೋಡಿದಳು. ಅವನ ಬೈಕು ನಿಲ್ಲುವ ಜಾಗ ಖಾಲಿಯಿತ್ತು. ಆಟೋದಲ್ಲಿ ಕೆ. ಹೊಸಕೋಟೆಗೆ, ಅಲ್ಲಿಂದ ಬಸ್ಸಿನಲ್ಲಿ ಆಲೂರಿಗೆ, ಆಲೂರಿನಿಂದ ಬೆಂಗಳೂರಿಗೆ ಒಬ್ಬಳೇ ಹೋದಳು.

ಮಾಲ್ಡೀವ್ಸಿನ ದ್ವೀಪದಲ್ಲಿ ಮೊದಲ ದಿನ ಗುರುವಿನ ಜೊತೆ ಆರೂ ಜನ ಎರಡು ಸಲ ಇಳಿದರು. ಆಮೆ ಕಂಡಿತು. ಎರಡನೇ ದಿನ ಒಂದು ಮಾಂಟಾ ರೇ ದೂರದಲ್ಲಿ ಕಂಬಳಿ ಕೊಡವಿದ ಹಾಗೆ ಹಾದು ಹೋಯಿತು. ಉಳಿದವರು ಕುಣಿದಾಡಿದರು. ಗಂಗಾಮಣಿಗೂ ಖುಷಿಯಾಯಿತು, ಆದರೆ ಅವಳು ಬಂದದ್ದು ಅದಕ್ಕಲ್ಲ. ಮೂರನೇ ದಿನ ಗಾಳಿ ಎದ್ದು ದೋಣಿ ತೊಟ್ಟಿಲಿನಂತೆ ತೂಗತೊಡಗಿತು. ನಾಳೆ ಒಂದು ದಿನ ಕಳೆದರೆ ವಾಪಸು. ದೋಣಿ ನಡೆಸುವ ಮುದುಕ ಅವಳ ಕಾಲು ತೋರಿಸಿ ಗುರುವಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದ.

"ಸೆಳೆತ ಜೋರಾಗಿದೆಯಂತೆ ಅಕ್ಕ," ಎಂದ ಗುರು ಮುಜುಗರದಿಂದ. "ಇದೊಂದು ಸಲ ಮೇಲೆಯೇ ಕೂತಿರಿ ಅಂತಾನೆ."

"ಉಳಿದವರೂ ಕೂತ್ಕೋಬೇಕಂತಾ?"

"ಇಲ್ಲ."

"ಗುರು, ಕಲಿಸಿದೋನು ನೀನು. ನೀನು ಹೇಳು. ಆ ಐದು ಜನರಲ್ಲಿ ನನಗಿಂತ ಚೆನ್ನಾಗಿ ಒದೆಯೋರು ಯಾರಿದ್ದಾರೆ? ನನ್ನಷ್ಟು ಕಡಿಮೆ ಗಾಳಿ ಬಳಸೋರು ಯಾರಿದ್ದಾರೆ? ಇದ್ರೆ ಹೇಳು, ಇಲ್ಲೇ ಕೂತ್ಕೋತೀನಿ."

ಗುರು ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ. "ಯಾರೂ ಇಲ್ಲ," ಅಂದ.

"ಹಾಗಾದ್ರೆ ನೀರಿಂದ ಹತ್ತುವಾಗ ಕೈ ಕೊಡಿ. ಇಳಿಯೋದು ನನ್ನ ಕೆಲಸ."

ಇಳಿದಳು. ಸೆಳೆತ ನಿಜಕ್ಕೂ ಜೋರಾಗಿತ್ತು, ಆದರೆ ಹದಿಮೂರು ಮೀಟರ್ ಕೆಳಗೆ ಹವಳದ ಗೋಡೆಯ ಮರೆಯಲ್ಲಿ ನೀರು ತಣ್ಣಗೆ ನಿಂತಂತಿತ್ತು. ಇಪ್ಪತ್ತು ನಿಮಿಷ ಕಳೆಯಿತು. ಆಗ ಗುರು ತನ್ನ ಸಿಲಿಂಡರಿಗೆ ಕಡ್ಡಿಯಿಂದ ಟಣ್ ಟಣ್ ಎಂದು ಬಡಿದು ಕೈ ತೋರಿಸಿದ. ದೂರದ ನೀಲಿಯಲ್ಲಿ ಒಂದು ನೆರಳು. ಐದು ಜನರೂ ಕ್ಯಾಮೆರಾ ಹಿಡಿದು ಅದರ ಬೆನ್ನು ಹತ್ತಿದರು. ಬೆನ್ನು ಹತ್ತಬಾರದು, ಮುಟ್ಟಬಾರದು, ದೂರ ನಿಲ್ಲಬೇಕು ಎಂದು ದೋಣಿಯಲ್ಲಿ ಗುರು ಸಾರಿ ಸಾರಿ ಹೇಳಿದ್ದು ಗಾಳಿಗೆ ಹೋಯಿತು. ಗುರು ಗಂಗಾಮಣಿಗೆ ಅಲ್ಲೇ ಇರಲು ಸನ್ನೆ ಮಾಡಿ, ಕಣ್ಣಳತೆಯಲ್ಲೇ ನಿಂತು ಅವರನ್ನು ತಡೆಯಲು ಕಡ್ಡಿ ಬಡಿಯತೊಡಗಿದ. ನೆರಳು ಕರಗಿಹೋಯಿತು.

ಗೋಡೆಯ ಪಕ್ಕದಲ್ಲಿ ಅವಳೊಬ್ಬಳೇ ತೇಲುತ್ತಿದ್ದಳು. ತನ್ನ ಉಸಿರಿನ ಗುಳುಗುಳು ಬಿಟ್ಟರೆ ಬೇರೆ ಸದ್ದಿಲ್ಲ. ಹೋಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಎಡಗಡೆ ಬೆಳಕು ಮಂಕಾಯಿತು. ತಿರುಗಿದಳು.

ಅದು ನೇರ ಅವಳ ಕಡೆಗೇ ಬರುತ್ತಿತ್ತು. ಮೊದಲು ಕಂಡದ್ದು ಬಾಯಿ, ಆಮೇಲೆ ಚಪ್ಪಟೆ ತಲೆ, ಆಮೇಲೆ ಮುಗಿಯದೇ ಮುಗಿಯದೇ ಹಿಂದಕ್ಕೆ ಹೋದ ಮೈ. ಗಂಗಾಮಣಿಯ ಮನಸ್ಸು ಇದು ಮೀನು, ಏನೂ ಮಾಡುವುದಿಲ್ಲ ಎಂದಿತು. ಮೈ ಕೇಳಲಿಲ್ಲ. ಮೈಗೆ ಗೊತ್ತಿದ್ದದ್ದು ಒಂದೇ, ದೊಡ್ಡದೊಂದು ಮೇಲೆ ಬರುತ್ತಿದೆ. ಕಾಫಿ ಗಿಡದ ಬುಡದ ಹಸಿ ಮಣ್ಣಿನ ವಾಸನೆ ಆ ಉಪ್ಪುನೀರಿನೊಳಗೂ ಮೂಗಿಗೆ ಬಂತು. ತೊಡೆ ಕಲ್ಲಾಯಿತು. ಉಸಿರು ಒಂದರ ಮೇಲೊಂದು ಬಿದ್ದು, ಗುಳ್ಳೆಗಳು ಕಣ್ಣಿಗೆ ಅಡ್ಡ ಬಂದವು. ಮೇಲಕ್ಕೆ ಓಡು, ಓಡು ಎಂದಿತು ಜೀವ. ಹಾಗೆ ಗಾಬರಿಯಲ್ಲಿ ಮೇಲಕ್ಕೆ ಓಡಿದರೆ ಶ್ವಾಸಕೋಶ ಹರಿಯುತ್ತದೆ ಎಂದು ಕಲಿತಿದ್ದಳು.

ಅವಳು ಓಡಲಿಲ್ಲ. ಎಲ್ಲಿಂದಲೋ ಸಿಟ್ಟು ಬಂತು. ಎಂಟು ತಿಂಗಳ ಮಂಚದ ಸಿಟ್ಟು, ಐದು ವರ್ಷ ತನ್ನ ಮುಖ ಬಿಟ್ಟು ಕಾಲು ನೋಡಿದ ಕಣ್ಣುಗಳ ಮೇಲಿನ ಸಿಟ್ಟು. ಬಾಯಲ್ಲಿ ಕೊಳವೆ ಕಚ್ಚಿಕೊಂಡೇ ಕೂಗಿದಳು. "ಬಾರೋ! ಬಾ! ನಾನೇನು ಹೋಗಲ್ಲ ಇಲ್ಲಿಂದ!" ಮಾತೆಲ್ಲ ಗುಳ್ಳೆಗಳಾಗಿ ಮೇಲಕ್ಕೆ ಹೋದವು. ಕೂಗಿದ್ದಕ್ಕೆ ಉಸಿರು ಪೂರ್ತಿ ಖಾಲಿಯಾಯಿತು. ಆಮೇಲೆ ಎಳೆದುಕೊಂಡ ಉಸಿರು ಆಳವಾಗಿ, ನಿಧಾನವಾಗಿ ಒಳಗಿಳಿಯಿತು. ಮೀಟರು ನೋಡಿದಳು. ಗಾಳಿ ಬೇಕಾದಷ್ಟಿತ್ತು.

ಮೀನು ಎರಡಾಳು ದೂರದಲ್ಲಿ ತಲೆಯನ್ನು ಒಂದಿಷ್ಟು ಓರೆ ಮಾಡಿಕೊಂಡು ಪಕ್ಕದಲ್ಲಿ ಹಾಯತೊಡಗಿತು. ಗಂಗಾಮಣಿ ಗೋಡೆಯ ಕಡೆಗೆ ಇನ್ನಷ್ಟು ಸರಿದು ದಾರಿ ಬಿಟ್ಟಳು. ಅಷ್ಟು ದೊಡ್ಡ ತಲೆಗೆ ಹುಣಸೆಬೀಜದಂಥ ಸಣ್ಣ ಕಣ್ಣು. ಆ ಕಣ್ಣು ಅವಳನ್ನು ನೋಡಿತು. ಕುಂಟಿ ಎಂದು ನೋಡಲಿಲ್ಲ, ಪಾಪ ಎಂದೂ ನೋಡಲಿಲ್ಲ, ಆನೆ ತುಳಿದವಳು ಎಂಬುದಂತೂ ಅದಕ್ಕೆ ಗೊತ್ತೇ ಇರಲಿಲ್ಲ. ನೋಡಿ, ತನ್ನ ಪಾಡಿಗೆ ಮುಂದೆ ಹೋಯಿತು. ಕಿವಿರು, ರೆಕ್ಕೆ, ಬೆನ್ನಿನ ಏಣು, ಸಾಲು ಸಾಲು ಚುಕ್ಕೆ. ಹೊಟ್ಟೆಯಡಿಯಲ್ಲಿ ಸಣ್ಣ ಮೀನುಗಳ ಒಂದು ಸಂಸಾರವೇ ಅಂಟಿಕೊಂಡು ಹೊರಟಿತ್ತು. ಕೊನೆಗೆ ಅವಳಿಗಿಂತ ಎತ್ತರದ ಬಾಲ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅದರ ನೀರಿನ ಅಲೆ ಬಂದು ಎದೆಗೆ ಮೆತ್ತಗೆ ತಾಗಿತು. ಗಂಗಾಮಣಿ ಮುಖವಾಡದೊಳಗೆ ಅಳುತ್ತಿದ್ದಳು. ಮುಖವಾಡಕ್ಕೆ ನೀರು ತುಂಬಿದರೆ ತೆಗೆಯುವುದನ್ನು ಕಲಿತಿದ್ದರಿಂದ, ಕಲಿತ ಹಾಗೆಯೇ ತೆಗೆದಳು.

ದೋಣಿ ಹತ್ತಿದ ಮೇಲೆ ಉಳಿದವರ ಮುಖ ಸಪ್ಪಗಿತ್ತು. ಒಬ್ಬರ ಕ್ಯಾಮೆರಾದಲ್ಲೂ ನೆರಳು ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಗುರು ಮಾತ್ರ ದೂರದಿಂದ ಎಲ್ಲ ಕಂಡಿದ್ದ. "ಅಕ್ಕನ ಪಕ್ಕದಲ್ಲೇ ಹೋಯಿತು," ಅಂದ. "ಏಳೆಂಟು ಮೀಟರ್ ಇತ್ತು, ಸುಳ್ಳಲ್ಲ." ದೋಣಿ ನಡೆಸುವ ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, ತನ್ನ ಫ್ಲಾಸ್ಕಿನಿಂದ ಮೊದಲ ಲೋಟ ಚಹಾ ಅವಳಿಗೇ ಬಗ್ಗಿಸಿಕೊಟ್ಟ.

"ಛೆ, ನಿಮ್ಮ ಹತ್ರ ಕ್ಯಾಮೆರಾನೇ ಇಲ್ವಲ್ಲ," ಎಂದಳು ಜೊತೆಗಿದ್ದ ಒಬ್ಬ ಹುಡುಗಿ. "ಊರಲ್ಲಿ ಯಾರು ನಂಬ್ತಾರೆ?"

"ನಂಬದಿದ್ರೆ ಬಿಡ್ಲಿ," ಅಂದಳು ಗಂಗಾಮಣಿ. ಚಹಾ ಬಿಸಿಯಾಗಿತ್ತು. ಸಕ್ಕರೆ ಹೆಚ್ಚಾಗಿತ್ತು.

ಊರಿಗೆ ಬಂದು ಒಂದು ವಾರ ಪೋಸ್ಟಾಫೀಸಿನಲ್ಲಿ ಟಪಾಲಿಗಿಂತ ಜನ ಹೆಚ್ಚಾದರು. ಲೈನ್ ಮನೆಯ ಹೆಂಗಸರು ಕೇಳಿ ಕೇಳಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಹುಲಿಯಮ್ಮ ಅವರೆಕಾಯಿ ಸುಲಿಯುತ್ತಾ ದಿನಕ್ಕೊಂದು ಸಲ ಕೇಳಿದಳು, "ಬಾಯಿ ಎಷ್ಟಗಲ ಇತ್ತು ಅಂದೆ?" ಗಂಗಾಮಣಿ ಕೈ ಅಗಲಿಸಿ ತೋರಿಸುತ್ತಿದ್ದಳು. "ಅಷ್ಟು ದೊಡ್ಡ ಬಾಯಿ ಇಟ್ಕೊಂಡು ಹುಳ ತಿಂತದಾ? ಪಾಪ," ಎನ್ನುತ್ತಿದ್ದಳು ಅವ್ವ. ಧರ್ಮ ಮಾತ್ರ ಕೇಳಲಿಲ್ಲ. ಊಟಕ್ಕೆ ಕೂತರೆ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ. ಗಂಗಾಮಣಿಯೂ ತಾನಾಗಿ ಮಾತಾಡಿಸಲಿಲ್ಲ. ತಪ್ಪು ಮಾಡಿದವಳ ಹಾಗೆ ಮೊದಲು ತಲೆ ತಗ್ಗಿಸುವುದು ಅವಳಿಗೆ ಬೇಕಿರಲಿಲ್ಲ.

ಹತ್ತನೇ ದಿನ ಶಾಲಿನಿ ಪೋಸ್ಟಾಫೀಸಿಗೇ ಓಡಿ ಬಂದಳು. ಬೆಲ್ಲ ತರಲು ಅಂಗಡಿಗೆ ಹೋಗಿದ್ದವಳು, ಏದುಸಿರು ಬಿಡುತ್ತಿದ್ದಳು.

"ಗಂಗಾ, ಕೇಳು. ಟೀ ಅಂಗಡೀಲಿ ನಮ್ಮೂರ ಸಾವ್ಕಾರ್ರು ಮಹಾದೇವಯ್ಯ ಇದ್ರು. ಫೋಟೋ ಇಲ್ಲ ಗೀಟೋ ಇಲ್ಲ, ಕುಂಟಿ ದೋಣೀಲಿ ಕೂತ್ಕೊಂಡು ನಿದ್ದೆ ಮಾಡಿ ಕನಸು ಕಂಡವ್ಳೆ ಅಂತ ಎಲ್ರ ಮುಂದೆ ನಗಾಡ್ತಿದ್ರು. ನಿಮ್ಮಣ್ಣ ಅಲ್ಲೇ ನಿಂತಿತ್ತು."

"ಏನಂದ?"

"ಟೀ ಲೋಟ ಹಿಂಗೆ ಕಟ್ಟೆ ಮೇಲಿಟ್ಟು ಎದುರಿಗೆ ಹೋಗಿ ನಿಂತ್ಕೊಂಡ್ತು. 'ಅಯ್ನೋರೇ, ನೀವು ಪಂಪ್‌ಸೆಟ್ ಗುಂಡಿಗೆ ಇಳಿಯಕ್ಕೂ ಆಳು ಕರೀತೀರ. ನನ್ ತಂಗಿ ಸಮುದ್ರಕ್ಕಿಳಿದವಳೆ. ಅವ್ಳು ನೋಡಿದೀನಿ ಅಂದ್ರೆ ನೋಡವ್ಳೆ. ಅವ್ಳಿಗೆ ಹೆಸರೈತೆ, ಗಂಗಾಮಣಿ ಅಂತ. ಇನ್ನೊಂದ್ಸಲ ಬೇರೆ ಹೆಸರು ಕರ್ದು ನೋಡಿ,' ಅಂತು."

ಗಂಗಾಮಣಿ ಕೈಯಲ್ಲಿದ್ದ ಮುದ್ರೆಯನ್ನು ಶಾಯಿಯ ಮೇಲೆ ಒತ್ತಿ ಹಿಡಿದಿದ್ದಳು. "ಆಮೇಲೆ?"

"ಆಮೇಲೇನು, ಮಹಾದೇವಯ್ಯ ಎದ್ದು ಹೋದ್ರು. ನಿಮ್ಮಣ್ಣ ಅಂಗಡಿ ತುಂಬ ಇದ್ದೋರ್ಗೆಲ್ಲ ಮೀನು ಎಷ್ಟುದ್ದ, ಚುಕ್ಕೆ ಎಂಗಿದ್ವು, ಕಣ್ಣು ಎಷ್ಟಿತ್ತು ಅಂತ ಹೇಳ್ತಾ ನಿಂತೈತೆ. ತಾನೇ ನೋಡ್ಕೊಂಡು ಬಂದಿರೋ ಹಂಗೆ!" ಶಾಲಿನಿ ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಗೋಡೆ ನೋಡ್ಕೊಂಡು ಉಣ್ತಾ ಎಲ್ಲಾನೂ ಕೇಳಿಸ್ಕೊಂಡೈತೆ ಕಣೆ!"

"ಉದ್ದ ಎಷ್ಟು ಅಂದ?"

"ಹದಿನೈದು ಮೀಟರ್ ಅಂತು."

"ಏಳೆಂಟು ಇತ್ತು ಅಷ್ಟೆ," ಅಂದಳು ಗಂಗಾಮಣಿ. ಲಕೋಟೆಯ ಮೇಲೆ ಮುದ್ರೆ ಒತ್ತಿದಳು. ಶಾಯಿ ಹೆಚ್ಚಾಗಿ ಊರಿನ ಹೆಸರು ಪೂರ್ತಿ ಕಪ್ಪಾಯಿತು. "ಹೋಗ್ಲಿ ಬಿಡು. ಹದಿನೈದೇ ಇರ್ಲಿ."